ಬಳ್ಳಾರಿ ಬಿಸಿಲಿಗೆ ಹೀಟರ್ ಯಾಕೆ?

ವಾಹನ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಹಳೆಯ ಕಾರುಗಳ ಹೀಟರ್ ಬಗ್ಗೆಯೇ ಪ್ರಶ್ನೆಗಳು ಹೆಚ್ಚು. ಬೇಸಿಗೆಯುದ್ದಕ್ಕೂ ಯಾರೂ ಮುಟ್ಟದ ಆ ಗುಂಡಿಯನ್ನು ಮೊದಲ ಮಳೆಗೆ ಗಾಜು ಮಬ್ಬಾದಾಗ ತಿರುಗಿಸುತ್ತೇವೆ. ಒಳಗೆ ಯಾವಾಗಲೋ ಶುರುವಾಗಿದ್ದ ರೋಗ ಆಗ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಬಳಿ 1972ರ ಎಂಜಿಬಿ, ಅಂದರೆ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು, ಇದೆ. ಹೀಟರ್ ಹಾಕಿದರೆ ಮುಂದಿನ ಗಾಜಿನ ಮೇಲೆ ಜಿಡ್ಡು ಮಂಜು ಕೂರುತ್ತದೆ, ಒರೆಸಿದರೂ ಹೋಗುವುದಿಲ್ಲ. ಕಾಲ ಬಳಿಯ ಕಾರ್ಪೆಟ್ ಒದ್ದೆ. ಹೀಟರ್ ಕೋರ್ ತೂತಾಗಿದೆ ಎನ್ನುತ್ತಾರೆ. ಈ ಕಾರು ಬಿಚ್ಚಿ ಗೊತ್ತಿರುವವರು ಇಲ್ಲಿ ಸಿಕ್ಕಿಲ್ಲ. ಮನೆಯಲ್ಲೇ ಬದಲಾಯಿಸಬಹುದೇ? ಕ್ರಮ ತಿಳಿಸಿ.
— ಓದುಗರು, ಬಳ್ಳಾರಿ

ಉತ್ತರ: ಬದಲಾಯಿಸಬಹುದು. ಎಂಜಿಬಿಯಲ್ಲಿ ಒಂದು ಅನುಕೂಲವಿದೆ. ಹೀಟರ್ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಹಿಂದಿಲ್ಲ, ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ತಗಡಿನ ಮೇಲೆ ಎದುರಿಗೇ ಕೂತಿರುತ್ತದೆ. ಹಾಗೆಂದು ಒಂದು ಗಂಟೆಯ ಕೆಲಸ ಅಂದುಕೊಳ್ಳಬೇಡಿ. ಮೊದಲ ಸಲ ಮಾಡುವವರಿಗೆ ಇಡೀ ದಿನ ಹಿಡಿಯುತ್ತದೆ, ಅದರಲ್ಲಿ ಅರ್ಧ ಹೊತ್ತು ಪೆಟ್ಟಿಗೆಯನ್ನು ಅದರ ಜಾಗದಿಂದ ಕೀಳುವುದಕ್ಕೇ ಹೋಗುತ್ತದೆ.

ಹೊಸ ಕೋರ್ ತರಿಸುವ ಮೊದಲೇ ಒಂದು ಮಾತು. ಹೀಟರ್ ಕೋರ್ ಎಂದರೆ ಅಂಗೈಯಗಲದ ಒಂದು ಪುಟ್ಟ ರೇಡಿಯೇಟರ್, ಅಷ್ಟೇ. ಅದರ ನಳಿಗೆಗಳು ದೊಡ್ಡ ರೇಡಿಯೇಟರ್‌ನವಕ್ಕಿಂತ ಸಣ್ಣ, ನೀರಿನ ಹರಿವೂ ನಿಧಾನ. ನಮ್ಮ ಕಡೆ ವರ್ಷದಲ್ಲಿ ಹತ್ತು ತಿಂಗಳು ಹೀಟರ್ ವಾಲ್ವ್ ಮುಚ್ಚಿಯೇ ಇರುವುದರಿಂದ ಆ ನೀರು ಒಳಗೇ ನಿಂತು ಕೊಳೆಯುತ್ತದೆ. ಬೋರ್‌ವೆಲ್‌ನ ಸವಳು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಇಂಜಿನ್ನಿನೊಳಗೂ ಕಟ್ಟುತ್ತದೆ. ಅದು ಚಕ್ಕೆಯಾಗಿ ಎದ್ದು ಇಂಜಿನ್ನಿನ ತುಕ್ಕಿನ ಜೊತೆ ಸೇರಿ ಕೋರ್‌ನ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಕೆಸರಿನ ಅಡಿಯಲ್ಲಿ ಹಿತ್ತಾಳೆ ಮತ್ತು ಬೆಸುಗೆ ಸವೆಯುತ್ತವೆ. ಈ ನೀರು ಸರಿಪಡಿಸದೆ ಕೋರ್ ಮಾತ್ರ ಬದಲಾಯಿಸಿದರೆ ಹೊಸದಕ್ಕೂ ಅದೇ ಗತಿ. ಆದ್ದರಿಂದ ಮೊದಲು ಇಂಜಿನ್ ತೊಳೆಯಬೇಕು, ಕೋರ್ ಆಮೇಲೆ. ಹೆಚ್ಚಿನವರು ಇದನ್ನು ತಿರುವು ಮುರುವು ಮಾಡುತ್ತಾರೆ. ತೊಳೆದಾಗ ಎದ್ದ ಚಕ್ಕೆಯೆಲ್ಲ ಹೊಸ ಕೋರ್‌ಗೇ ಹೋಗಿ ತುಂಬುತ್ತದೆ.

ತೊಳೆಯುವ ಬಗೆ ಹೀಗೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ನೀರು ಇಳಿಸಿ. ಹೀಟರ್‌ಗೆ ಹೋಗುವ ಎರಡು ಹೋಸ್ ಪೈಪ್‌ಗಳನ್ನು ಇಂಜಿನ್ ಕಡೆಯಿಂದ ತೆಗೆದು, ಅರ್ಧ ಇಂಚು ಒಳವ್ಯಾಸದ ಒಂದೇ ತುಂಡು ಹೋಸ್‌ನಿಂದ ಇಂಜಿನ್ ಕಡೆಯ ಎರಡೂ ಕೊನೆಗಳನ್ನು ಜೋಡಿಸಿ. ಕೋರ್ ಈಗ ದಾರಿಯಿಂದ ಹೊರಗಾಯಿತು. ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವ ಬಾಗಿಲು, ತೆಗೆದು ಅದರ ಮುಚ್ಚಳ ಮತ್ತೆ ಕೂರಿಸಿ, ಹೀಟರ್ ವಾಲ್ವ್ ಪೂರ್ತಿ ತೆರೆದಿಡಿ. ವ್ಯವಸ್ಥೆಯಲ್ಲಿ ಹಿಡಿಯುವುದು ಸುಮಾರು 6 ಲೀಟರ್. ಅಷ್ಟು ನೀರಿಗೆ 300 ಗ್ರಾಂ ನಿಂಬೆ ಉಪ್ಪು, ಅಂದರೆ ಕಿರಾಣಿ ಅಂಗಡಿಯ ಸಿಟ್ರಿಕ್ ಆ್ಯಸಿಡ್, ಬಿಸಿನೀರಿನಲ್ಲಿ ಕರಗಿಸಿ ಹಾಕಿ. ಇಂಜಿನ್ ಬಿಸಿಯಾದ ಮೇಲೆ 20 ರಿಂದ 30 ನಿಮಿಷ ಓಡಿಸಿ, ತಣ್ಣಗಾಗಲು ಬಿಟ್ಟು ಇಳಿಸಿ. ಕಾಫಿ ಬಣ್ಣದ ನೀರು ಬಂದರೆ ಗಾಬರಿ ಬೇಡ. ತಿಳಿ ನೀರು ಬರುವವರೆಗೆ ತೊಳೆಯಿರಿ. ಕೊನೆಗೊಮ್ಮೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿದ ನೀರು ಹಾಕಿ ಐದು ನಿಮಿಷ ಓಡಿಸಿ ಚೆಲ್ಲಿ, ಮತ್ತೊಮ್ಮೆ ಬರಿ ನೀರಿನಲ್ಲಿ ತೊಳೆಯಿರಿ. ಎಂಜಿಬಿಯ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದ್ದಾದ್ದರಿಂದ ಈ ಪ್ರಮಾಣ ನಡೆಯುತ್ತದೆ. ಅಲ್ಯೂಮಿನಿಯಂ ಹೆಡ್ ಇರುವ ಕಾರಿಗೆ ಇದನ್ನೇ ನಕಲು ಮಾಡಬೇಡಿ. ಬಚ್ಚಲು ತೊಳೆಯುವ ಆ್ಯಸಿಡ್ ಅಂತೂ ಯಾವ ಕಾರಿಗೂ ಬೇಡ, ಅದು ಪದರದ ಜೊತೆ ಲೋಹವನ್ನೂ ತಿನ್ನುತ್ತದೆ. ಇನ್ನೊಂದು ಎಚ್ಚರಿಕೆ: ರೇಡಿಯೇಟರ್‌ನ ಸಣ್ಣ ತೂತುಗಳನ್ನು ಇಷ್ಟು ದಿನ ಆ ಬಿಳಿ ಪದರವೇ ಮುಚ್ಚಿಟ್ಟಿರಬಹುದು. ತೊಳೆದ ಮೇಲೆ ರೇಡಿಯೇಟರ್ ಸೋರಿದರೆ ದೋಷ ನಿಂಬೆ ಉಪ್ಪಿನದ್ದಲ್ಲ.

ಈಗ ಪೆಟ್ಟಿಗೆ. ಮೊದಲು ಬ್ಯಾಟರಿ ಸಂಪರ್ಕ ತೆಗೆಯಿರಿ. ನಿಮ್ಮ ಕಾರಿನಲ್ಲಿ ಅದು ಬಾನೆಟ್ ಕೆಳಗಿಲ್ಲ, ಸೀಟಿನ ಹಿಂದೆ ನೆಲದ ಮುಚ್ಚಳದಡಿ 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಯಾರಾದರೂ ಅದನ್ನು ಒಂದೇ 12 ವೋಲ್ಟಿಗೆ ಬದಲಾಯಿಸಿರಲೂಬಹುದು. ಇಬ್ಬರಿದ್ದರೆ ಬಾನೆಟ್ಟನ್ನೇ ತೆಗೆದಿಡಿ. ಹಿಂಜಿಗಳ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಂಡರೆ ಮರಳಿ ಕೂರಿಸುವಾಗ ಸಂದು ಹೊಂದಿಸುವ ತಲೆನೋವಿಲ್ಲ.

ಪಾನಾ ವಿಚಾರ ಇಲ್ಲೇ ಹೇಳಬೇಕು. ಈ ಕಾರಿನ ಬೋಲ್ಟ್‌ಗಳು ಇಂಚಿನ ಅಳತೆಯವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಹಾಕಿದರೆ ಕೂತಂತೆ ಕಂಡು, ಜೋರು ಮಾಡಿದಾಗ ಜಾರಿ ಮೂಲೆ ಸವೆಸುತ್ತದೆ. 7/16 ಇಂಚು 11.11 ಮಿಲಿಮೀಟರ್, ಅದಕ್ಕೆ 11ರ ಪಾನಾ ಹೋಗುವುದೇ ಇಲ್ಲ. ಕಾರಿನ ಗ್ಯಾರೇಜುಗಳಲ್ಲಿ ಇಂಚಿನ ಸೆಟ್ ಈಗ ಅಪರೂಪ. ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಭತ್ತದ ಸೀಮೆಯಲ್ಲಿ ಹಳೆಯ ಟ್ರ್ಯಾಕ್ಟರ್ ಬಿಚ್ಚುವವರ ಬಳಿ ಕೇಳಿ ನೋಡಿ.

ಕೋರ್‌ನ ಮೂತಿಗೆ ಅಂಟಿದ ಹೋಸ್‌ಗಳನ್ನು ಎಳೆದು ತಿರುಚಬೇಡಿ. ಆ ಮೂತಿಗಳು ತೆಳು ಕೊಳವೆ, ಬೆಸುಗೆಯ ಮೇಲೆ ನಿಂತಿರುವಂಥವು. ಹಳೆ ಕೋರ್ ಹೇಗೂ ಹಾಳಾಗಿದೆ ಎನ್ನಬೇಡಿ, ಮೂತಿ ಕಿತ್ತುಬಂದರೆ ರಿಪೇರಿಯ ಆಸೆಯೂ ಹೋಯಿತು. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ ಸಿಪ್ಪೆ ಸುಲಿದಂತೆ ತೆಗೆಯಿರಿ. ಹೇಗಿದ್ದರೂ ಹೊಸ ಹೋಸ್ ಹಾಕಲೇಬೇಕು. ಗಾಳಿಯ ಬಾಗಿಲಿನ ಕೇಬಲ್ ಮತ್ತು ಫ್ಯಾನಿನ ಎರಡು ವೈರ್ ಬಿಡಿಸಿ. ಯಾವುದು ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೊ ಹಿಡಿದಿಡಿ.

ಪೆಟ್ಟಿಗೆಯ ಬುಡದ ಸುತ್ತಲಿನ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೂ ಅದು ಅಲುಗುವುದಿಲ್ಲ. ಇಲ್ಲೇ ಜನ ಸಿಟ್ಟಿಗೇಳುವುದು, ಸ್ಕ್ರೂಡ್ರೈವರ್ ತುರುಕಿ ಮೀಟಿ ತಗಡು ಮಡಚುವುದು. ಹಿಡಿದಿರುವುದು ಎರಡು. ಒಂದು, ಬುಡದ ಸೀಲ್ 50 ವರ್ಷದಲ್ಲಿ ಅಂಟಾಗಿ ಹೋಗಿರುತ್ತದೆ. ಇನ್ನೊಂದು, ಕಾರಿನ ಒಳಗಿನಿಂದ ಗಾಜಿಗೆ ಗಾಳಿ ಒಯ್ಯುವ ಎರಡು ಬಾಗು ಕೊಳವೆಗಳು ಪೆಟ್ಟಿಗೆಯ ಬುಡಕ್ಕೆ ಸಿಕ್ಕಿಕೊಂಡಿರುತ್ತವೆ. ಒಳಗೆ ಮಲಗಿ, ನಡುವಿನ ಕನ್ಸೋಲ್ ತೆಗೆದು, ಆ ಕೊಳವೆಗಳನ್ನು ಮೊದಲು ಕೆಳಕ್ಕೆ ಎಳೆಯಬೇಕು. ಬರದಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಆಮೇಲೆ ತೆಳ್ಳಗಿನ ಪುಟ್ಟಿ ಪಟ್ಟಿಯನ್ನು ಬುಡದ ಸುತ್ತ ಆಡಿಸಿ ಸೀಲ್ ಬಿಡಿಸಿ, ಪೆಟ್ಟಿಗೆಯನ್ನು ಅತ್ತಿತ್ತ ತೊನೆದಾಡಿಸುತ್ತ ಮೇಲಕ್ಕೆತ್ತಿ. ಒಳಗೆ ಉಳಿದ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಚೆಲ್ಲುತ್ತದೆ, ಬಣ್ಣದ ಮೇಲೆ ಹಳೆ ಗೋಣಿಚೀಲ ಹಾಸಿರಿ.

ಪೆಟ್ಟಿಗೆಯ ಮುಖಕ್ಕೆ ಸ್ಪ್ರಿಂಗ್ ಕ್ಲಿಪ್‌ಗಳಿವೆ. ಅವನ್ನು ಮೀಟಿದರೆ ತೆರೆದುಕೊಂಡು ಕೋರ್ ಜಾರಿ ಬರುತ್ತದೆ. ಸುತ್ತಲಿನ ಸ್ಪಂಜು ಕೈಗೆ ಪುಡಿಯಾಗಿ ಬರುವುದು ಖಂಡಿತ. ಅದನ್ನು ಅಲಂಕಾರಕ್ಕೆ ಹಾಕಿದ್ದಲ್ಲ. ಸ್ಪಂಜು ಇಲ್ಲದಿದ್ದರೆ ಗಾಳಿ ಕೋರ್‌ನ ರೆಕ್ಕೆಗಳ ನಡುವೆ ಹೋಗದೆ ಪಕ್ಕದ ಸಂದಿನಲ್ಲಿ ನುಸುಳಿಕೊಳ್ಳುತ್ತದೆ, ಹೊಸ ಕೋರ್ ಹಾಕಿಯೂ ಗಾಜಿನ ಮಬ್ಬು ಹೋಗುವುದಿಲ್ಲ. ನೀರು ಹೀರದ ಮುಚ್ಚಿದ ಕಣದ ಫೋಮ್ ಪಟ್ಟಿ, 6 ರಿಂದ 10 ಮಿಲಿಮೀಟರ್ ದಪ್ಪದ್ದು, ಎಲ್ಲ ಅಂಚಿಗೂ ಅಂಟಿಸಿ. ಪೆಟ್ಟಿಗೆಯ ಬುಡಕ್ಕೂ ಅದೇ.

ಬಳ್ಳಾರಿ, ತೋರಣಗಲ್ಲು, ಸಂಡೂರು ಕಡೆಯ ಕಾರಾದರೆ ಪೆಟ್ಟಿಗೆಯ ತಳದಲ್ಲಿ ಕೆಂಪು ಅದಿರಿನ ಧೂಳು ಒಂದು ಪದರ ಇದ್ದೇ ಇರುತ್ತದೆ. ಒದ್ದೆ ಧೂಳು ತಗಡು ತಿನ್ನುತ್ತದೆ. ಕೆರೆದು, ತುಕ್ಕು ತಡೆಯುವ ಪ್ರೈಮರ್ ಹೊಡೆದು ಬಣ್ಣ ಬಳಿಯಿರಿ. ಫ್ಯಾನ್ ಮೋಟಾರನ್ನು ಪ್ರತ್ಯೇಕ ಬ್ಯಾಟರಿಗೆ ಹಚ್ಚಿ ನೋಡಿ, ಬುಶ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಇದನ್ನು ಈಗಲೇ ಮಾಡದಿದ್ದರೆ ಮೋಟಾರ್ ಕಿರುಗುಟ್ಟಿದ ದಿನ ಇದೇ ಪೆಟ್ಟಿಗೆ ಮತ್ತೆ ಕೀಳಬೇಕು. ವೈರ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗಿದರೂ ಸ್ವಲ್ಪ ಗಾಳಿ ಬರುತ್ತದೆ, ಆದ್ದರಿಂದ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. 1967ರ ತನಕದ ಎಂಜಿಬಿಗಳಲ್ಲಿ ಪಾಸಿಟಿವ್ ಅರ್ಥ್ ಇತ್ತು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರುತ್ತಿತ್ತು, ನಿಮ್ಮದರಲ್ಲಿ ನೆಗೆಟಿವ್. ಹಳೆಯ ಚಿತ್ರ ನೋಡಿ ವೈರ್ ಜೋಡಿಸುವಾಗ ಇದು ನೆನಪಿರಲಿ.

ಹೊಸ ಕೋರನ್ನು ಕಣ್ಣುಮುಚ್ಚಿ ಕೂರಿಸಬೇಡಿ. ಒಂದು ಮೂತಿಗೆ ಹೋಸ್ ತುಂಡು ಹಾಕಿ ದಪ್ಪ ಬೋಲ್ಟಿನಿಂದ ಬಿರಡೆ ಕೊಡಿ. ಇನ್ನೊಂದಕ್ಕೆ ಗೇಜ್ ಇರುವ ಸೈಕಲ್ ಪಂಪ್ ಹಚ್ಚಿ 15 ಪೌಂಡ್ ಒತ್ತಡ ಕೊಟ್ಟು, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಗುಳ್ಳೆ ಬಂದರೆ ವಾಪಸು ಕಳಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ನೇರ ಬಿಡಬಾರದು, ಒಳ್ಳೆಯ ಕೋರೂ ಉಬ್ಬಿ ಬಾಯಿಬಿಡುತ್ತದೆ. ಸಿಲಿಂಡರ್ ಹೆಡ್‌ನ ಹಿಂಬದಿಗಿರುವ ಹೀಟರ್ ವಾಲ್ವನ್ನೂ ಪರೀಕ್ಷಿಸಿ. ಮುಚ್ಚಿದಾಗ ಊದಿದರೆ ಗಾಳಿ ಹಾಯಬಾರದು, ಕಡ್ಡಿಯ ಬುಡದಲ್ಲಿ ಹಸಿರು ಕಲೆ ಇರಬಾರದು. ಅನುಮಾನ ಬಂದರೆ ಗ್ಯಾಸ್ಕೆಟ್ ಸಮೇತ ಹೊಸದೇ ಹಾಕಿ.

ಜೋಡಿಸುವಾಗ ಬಾಗು ಕೊಳವೆಗಳ ಬಾಯಿಗೆ ಸಾಬೂನು ನೀರು ಸವರಿದರೆ ಸಲೀಸು. ಪೆಟ್ಟಿಗೆಯ ಎಲ್ಲ ಸ್ಕ್ರೂಗಳನ್ನು ಮೊದಲು ಕೈಯಲ್ಲೇ ಹಿಡಿಸಿ, ಕೊನೆಗೆ ಒಟ್ಟಿಗೆ ಬಿಗಿ ಮಾಡಿ. ತೊಳೆಯುವಾಗ ತೆಗೆದ ಥರ್ಮೋಸ್ಟಾಟನ್ನು ಮರಳಿ ಹಾಕುವುದನ್ನು ಮರೆಯಬೇಡಿ.

ಕೂಲಂಟ್ ಲೆಕ್ಕ: ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಬೇಕಾಗಿರುವುದು ತುಕ್ಕು ತಡೆಯುವ ಔಷಧ. 40 ಭಾಗ ಕೂಲಂಟ್, 60 ಭಾಗ ಬ್ಯಾಟರಿ ವಾಟರ್ ಸಾಕು. 6 ಲೀಟರಿಗೆ 2.4 ಲೀಟರ್ ಕೂಲಂಟ್, 3.6 ಲೀಟರ್ ನೀರು. ಇಳಿಸಿದ ಮೇಲೂ ಬ್ಲಾಕಿನೊಳಗೆ ನೀರು ಉಳಿದಿರುವುದರಿಂದ ಕೂಲಂಟನ್ನೇ ಮೊದಲು ಸುರಿದು ನಂತರ ನೀರು ಹಾಕಿ, ಇಲ್ಲದಿದ್ದರೆ ಕೂಲಂಟ್‌ಗೆ ಜಾಗ ಸಾಲುವುದಿಲ್ಲ. ತಾಮ್ರ, ಹಿತ್ತಾಳೆ, ಬೆಸುಗೆ ಇರುವ ಹಳೆಯ ಕಾರಿಗೆ ಹಳೆಯ ಬಗೆಯ ಹಸಿರು ಕೂಲಂಟ್ ಕೊಂಡು, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬಣ್ಣವೊಂದನ್ನೇ ನಂಬಬೇಡಿ, ಡಬ್ಬಿಯ ಮೇಲಿನ ಬರಹ ಓದಿ. ನೀರು ಬೆರೆಸಿಯೇ ಮಾರುವ ಡಬ್ಬಿಗಳೂ ಇವೆ, ಅವಕ್ಕೆ ಮತ್ತೆ ನೀರು ಸೇರಿಸಬಾರದು. ಅಂಗಡಿಯಲ್ಲಿ ಬ್ಯಾಟರಿ ವಾಟರ್ ಎಂದೇ ಸ್ಪಷ್ಟವಾಗಿ ಕೇಳಿ. ಪಕ್ಕದಲ್ಲೇ ಬ್ಯಾಟರಿ ಆ್ಯಸಿಡ್ ಕ್ಯಾನೂ ಇರುತ್ತದೆ.

ಗಾಳಿ ತೆಗೆಯದಿದ್ದರೆ ಇಷ್ಟೆಲ್ಲ ಮಾಡಿಯೂ ಹೀಟರ್ ತಣ್ಣಗೇ ಇರುತ್ತದೆ. ಕಾರಿನ ಮೂತಿ ಇಳಿಜಾರಿನ ಮೇಲಕ್ಕೆ ಬರುವಂತೆ ನಿಲ್ಲಿಸಿ. ಹೀಟರ್ ವಾಲ್ವ್ ತೆರೆದು, ಕೋರ್‌ನಿಂದ ಮರಳುವ ಹೋಸನ್ನು ಅದರ ಕೊಳವೆಯಿಂದ ಬಿಡಿಸಿ ಎತ್ತಿ ಹಿಡಿದು, ರೇಡಿಯೇಟರ್‌ಗೆ ನಿಧಾನವಾಗಿ ಸುರಿಯಿರಿ. ಎತ್ತಿ ಹಿಡಿದ ಹೋಸಿಗೂ ಕೊಳವೆಗೂ ಸಣ್ಣ ಆಲಿಕೆಯಿಂದ ತುಂಬಿಸಿ. ಗುಳ್ಳೆ ನಿಂತ ಮೇಲೆ ಜೋಡಿಸಿ ಕ್ಲಿಪ್ ಬಿಗಿಯಿರಿ. ಇಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಕ್ಲಿಪ್‌ಗಳನ್ನೆಲ್ಲ ಇನ್ನೊಂದು ಸುತ್ತು ನೋಡಿ. ಹೊಸ ರಬ್ಬರ್ ಮೊದಲ ಬಿಸಿಗೆ ಸ್ವಲ್ಪ ಕೂರುತ್ತದೆ.

ಒದ್ದೆ ಕಾರ್ಪೆಟ್ಟನ್ನು ಒಳಗೇ ಒಣಗಲು ಬಿಡಬೇಡಿ. ಕೂಲಂಟ್ ಸುಲಭಕ್ಕೆ ಒಣಗುವುದಿಲ್ಲ, ಅಡಿಯ ನೆಲ ತಗಡು ತುಕ್ಕು ಹಿಡಿಯುತ್ತದೆ. ಕಾರ್ಪೆಟ್ ಹೊರತೆಗೆದು ಸಾಬೂನಿನಲ್ಲಿ ತೊಳೆಯಿರಿ. ಇಳಿಸಿದ ಕೂಲಂಟನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಅದರ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಸಾಯಲು. ಮಕ್ಕಳ ಕೈಗೂ ಸಿಗಬಾರದು.

ಪ್ರಶ್ನೆ: ಸರ, ನಮ್ಮ ಮೆಕ್ಯಾನಿಕ್ ಅಂತಾನ, ‘ಈ ಬಿಸಿಲಾಗ ಹೀಟರ್ ಯಾಕ ಬೇಕ್ರಿ, ಎರಡೂ ಪೈಪ್ ಕೂಡಿಸಿ ಬಿಟ್ಟುಬಿಡೋಣು’ ಅಂತ. ಹಂಗ ಮಾಡಿದ್ರ ಇಂಜಿನ್ನಿಗೆ ಏನರ ತೊಂದ್ರಿ ಆಗತದೇನ್ರಿ?
— ಓದುಗರು, ಕೊಪ್ಪಳ

ಉತ್ತರ: ಮೆಕ್ಯಾನಿಕ್ ಮಾತು ಅರ್ಧ ಸರಿ. ಹೊಸ ಕೋರ್ ಬರುವ ತನಕ ಕಾರು ಓಡಿಸಲು ಇದೇ ದಾರಿ, ಇಂಜಿನ್ನಿಗೆ ಹಾನಿಯಿಲ್ಲ. ಆದರೆ ಎರಡೂ ಬಾಯಿಗೆ ಬಿರಡೆ ಹೊಡೆಯುವುದಕ್ಕಿಂತ ಹೋಸಿನಿಂದ ಒಂದಕ್ಕೊಂದು ಕೂಡಿಸುವುದೇ ಒಳ್ಳೆಯದು. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ಮೊದಲು ನೀರು ಸುತ್ತುವುದು ಹೀಟರ್ ದಾರಿಯಲ್ಲೇ. ಅದನ್ನು ಮುಚ್ಚಿದರೆ ಇಂಜಿನ್ನಿನ ಒಂದು ಕಡೆ ಕುದ್ದು ಇನ್ನೊಂದು ಕಡೆ ತಣ್ಣಗಿರುತ್ತದೆ. ಹೀಟರ್ ಮುಚ್ಚಿದಾಗ ವಾಲ್ವೇ ನೀರನ್ನು ಪೂರ್ತಿ ನಿಲ್ಲಿಸುವ ಕಾರುಗಳಲ್ಲಿ ಈ ಭಯವಿಲ್ಲ.

ಖಾಯಂ ಬಿಟ್ಟುಬಿಡುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಹೀಟರ್ ಇರುವುದು ಚಳಿಗೆ ಮಾತ್ರವಲ್ಲ. ಎಸಿ ಇಲ್ಲದ ಹಳೆಯ ಕಾರಿನಲ್ಲಿ ಗಾಜಿನ ಮಬ್ಬು ತೆಗೆಯುವ ಸಾಧನ ಅದೊಂದೇ. ಜುಲೈ ಆಗಸ್ಟಿನಲ್ಲಿ ಸಂಡೂರಿನ ಗುಡ್ಡದ ರಸ್ತೆಯಲ್ಲಿ, ಎದುರಿಗೆ ಅದಿರಿನ ಲಾರಿಗಳು ಬರುವಾಗ, ಒಂದು ಕೈಯಲ್ಲಿ ಗಾಜು ಒರೆಸುತ್ತ ಇನ್ನೊಂದರಲ್ಲಿ ಸ್ಟೇರಿಂಗ್ ಹಿಡಿಯುವುದು ಯಾರಿಗೂ ಬೇಡ. ಇನ್ನೊಂದು ಉಪಯೋಗ ನಮ್ಮ ಬೇಸಿಗೆಗೇ ಹೇಳಿ ಮಾಡಿಸಿದ್ದು. ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಹೆದ್ದಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಸೂಜಿ ಕೆಂಪಿನತ್ತ ಏರತೊಡಗಿದರೆ, ಹೀಟರನ್ನು ಪೂರ್ತಿ ತೆರೆದು ಫ್ಯಾನ್ ಹಾಕಿ ಕಿಟಕಿ ಇಳಿಸಿ. ಒಳಗೆ ಬೇಯುತ್ತೀರಿ, ಇಂಜಿನ್ ಮಾತ್ರ ಸ್ವಲ್ಪ ತಣಿಯುತ್ತದೆ. ನೆರಳು ಸಿಗುವ ತನಕ ಇಷ್ಟು ಸಾಕಾಗಬಹುದು. ನೀರು ಖಾಲಿಯಾಗಿ ಬಿಸಿಯಾಗಿದ್ದರೆ ಮಾತ್ರ ಈ ಉಪಾಯ ನಡೆಯದು, ಇಂಜಿನ್ ಆರಿಸಲೇಬೇಕು.

ಪ್ರಶ್ನೆ: ಕಾಲ ಬಳಿ ನೀರು ನಿಲ್ಲುತ್ತಿದೆ. ಹೀಟರ್ ಕೋರೋ, ಎಸಿ ನೀರೋ, ಮಳೆ ನೀರೋ ತಿಳಿಯುವುದು ಹೇಗೆ?
— ಓದುಗರು, ರಾಯಚೂರು

ಉತ್ತರ: ಬಿಳಿ ಟಿಶ್ಯೂ ಕಾಗದ ಒತ್ತಿ ನೋಡಿ. ಬಣ್ಣ ಹತ್ತಿ, ಬೆರಳಿಗೆ ಜಾರಿಕೆಯಾಗಿ, ಸಿಹಿ ವಾಸನೆ ಬಂದರೆ ಕೂಲಂಟ್. ವಾಸನೆ ಸಾಕು, ನಾಲಿಗೆಗೆ ಹಚ್ಚಬೇಡಿ. ಎಸಿ ಓಡಿದ ದಿನ ಮಾತ್ರ ತಿಳಿ ನೀರು ಬಂದರೆ ಎಸಿಯ ಡ್ರೈನ್ ಪೈಪ್ ಧೂಳಿನಿಂದ ಕಟ್ಟಿದೆ. ಮಳೆ ಬಂದಾಗ ಅಥವಾ ಕಾರು ತೊಳೆದಾಗ ಮಾತ್ರ ಬಂದರೆ ಗಾಜಿನ ಮುಂದಿನ ಜಾಲರಿಯ ಕೆಳಗಿನ ನೀರು ಹೋಗುವ ಕೊಳವೆ ನೋಡಿ. ಬೇವಿನ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಅದು ಎಲೆಯಿಂದ ತುಂಬಿರುತ್ತದೆ. ಬರಿ ನೀರು ಹಾಕಿ ಓಡಿಸುತ್ತಿರುವ ಕಾರಾದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆಗ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಒತ್ತಡದ ಪಂಪ್ ಹಚ್ಚಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಇಂಜಿನ್ ಆರಿಸಿಯೇ ಹದಿನೈದು ನಿಮಿಷ ಕಾಯಬೇಕು. ಮುಳ್ಳು ಇಳಿದು ಹೊರಗೆಲ್ಲೂ ಹನಿ ಕಾಣದಿದ್ದರೆ ಮೊದಲ ಅನುಮಾನ ಕೋರ್ ಮೇಲೆ.

ಪ್ರಶ್ನೆ: ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಎನ್ನುತ್ತಾರೆ. ಹೀಟರ್ ಕೋರ್‌ಗೂ ನಡೆಯುತ್ತದೆಯೇ?
— ಓದುಗರು, ಸಿಂಧನೂರು

ಉತ್ತರ: ನಿಲ್ಲುತ್ತದೆ, ನೀರಿನ ಜೊತೆಗೆ. ಪುಡಿ ಊದಿಕೊಂಡು ತೂತಿಗೆ ಸಿಕ್ಕಿಕೊಳ್ಳುವುದು ನಿಜ, ಆದರೆ ಅದಕ್ಕೆ ತೂತು ಯಾವುದು, ನಳಿಗೆ ಯಾವುದು ಎಂಬ ವಿವೇಕವಿಲ್ಲ. ಎಲ್ಲಕ್ಕಿಂತ ಸಣ್ಣ ದಾರಿ ಹೀಟರ್ ಕೋರ್‌ನದ್ದೇ, ಮೊದಲು ಕಟ್ಟುವುದೂ ಅದೇ. ಡಬ್ಬಿಯಲ್ಲಿ ಬರುವ ಲೀಕ್ ಔಷಧಗಳ ಹಣೆಬರಹವೂ ಹೆಚ್ಚುಕಡಿಮೆ ಇಷ್ಟೇ. ನಡುದಾರಿಯಲ್ಲಿ ಊರು ಸೇರಲು ಬೇರೆ ಗತಿಯಿಲ್ಲದಿದ್ದರೆ ಹಾಕಿ, ಆದರೆ ಹೀಟರ್ ಹೋಸ್‌ಗಳನ್ನು ಕೂಡಿಸಿ ಕೋರನ್ನು ದಾರಿ ತಪ್ಪಿಸಿದ ಮೇಲೆ. ಮನೆ ಮುಟ್ಟಿದ ಕೂಡಲೇ ತೊಳೆದು ತೆಗೆಯಿರಿ.

ಪ್ರಶ್ನೆ: ಹಳೆ ಕೋರನ್ನೇ ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆ ಹಾಕಿಸಿದರೆ ಸಾಲದೇ? ಹೊರದೇಶದಿಂದ ತರಿಸುವುದು ದುಬಾರಿ.
— ಓದುಗರು, ಸಿರುಗುಪ್ಪ

ಉತ್ತರ: ಹಿತ್ತಾಳೆಯದ್ದಾದರೆ ನೋಡಬಹುದು. ತೂತು ತಲೆಯ ತೊಟ್ಟಿಯ ಅಂಚಿನಲ್ಲೋ ಮೂತಿಯ ಬುಡದಲ್ಲೋ ಇದ್ದರೆ ಬೆಸುಗೆ ವರ್ಷಗಟ್ಟಲೆ ನಿಲ್ಲುತ್ತದೆ. ನಳಿಗೆಗಳ ನಡುವೆ ಇದ್ದರೆ ಒಂದು ಮುಚ್ಚಿದಾಗ ಪಕ್ಕದ್ದು ಬಾಯಿಬಿಡುತ್ತದೆ, ಏಕೆಂದರೆ ಲೋಹವೆಲ್ಲ ಒಂದೇ ಸಮ ತೆಳುವಾಗಿದೆ. ಆಗ ತೊಟ್ಟಿ, ಮೂತಿ ಉಳಿಸಿಕೊಂಡು ಒಳಗಿನ ನಳಿಗೆಯ ಭಾಗ ಪೂರ್ತಿ ಹೊಸದು ಹಾಕುವ ಮಿಸ್ತ್ರಿ ಸಿಕ್ಕರೆ ಅದು ತರಿಸುವುದಕ್ಕೆ ಸಮ. ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ತೊಟ್ಟಿ ಇದ್ದರೆ ಬೆಸುಗೆಯ ಮಾತೇ ಇಲ್ಲ, ಎಪಾಕ್ಸಿ ಅಂಟು ಬಿಸಿಗೂ ಒತ್ತಡಕ್ಕೂ ಬಹಳ ದಿನ ತಾಳದು.

ಪ್ರಶ್ನೆ: ಎಂಟು ತಿಂಗಳ ಹಿಂದೆ ಹಾಕಿಸಿದ ಹೊಸ ಕೋರ್ ಮತ್ತೆ ಸೋರುತ್ತಿದೆ. ಕೂಲಂಟ್ ಸರಿಯಾಗೇ ಹಾಕಿದ್ದೆ. ಮಾಲು ಕಳಪೆಯೇ?
— ಓದುಗರು, ಬಳ್ಳಾರಿ

ಉತ್ತರ: ಇರಬಹುದು, ಆದರೆ ಬೈಯುವ ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. ಹಳೆಯ ಕಾರಿನಲ್ಲಿ ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಕೂಲಂಟಿನ ಮೂಲಕವೇ ಹರಿಯುತ್ತದೆ. ಆಗ ತೆಳು ಲೋಹದ ಕೋರ್ ಒಳಗಿನಿಂದ ಸೂಜಿ ಚುಚ್ಚಿದಂತೆ ತೂತು ಬೀಳುತ್ತದೆ. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಮೀಟರಿನ ಕಪ್ಪು ವೈರ್ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ವೈರಿನ ತುದಿ ಕೂಲಂಟಿನಲ್ಲಿ ಮಾತ್ರ ಮುಳುಗಲಿ, ಲೋಹಕ್ಕೆ ತಾಗಬಾರದು. ಡಿಸಿ ವೋಲ್ಟ್ ಓದಿ. ಎಲ್ಲ ಆರಿಸಿದಾಗ ಒಮ್ಮೆ, ದೀಪ, ಫ್ಯಾನ್, ಹಾರ್ನ್ ಹಾಕಿ ಒಮ್ಮೆ, ಸ್ಟಾರ್ಟರ್ ತಿರುಗುವಾಗ ಒಮ್ಮೆ. ಕಬ್ಬಿಣದ ಇಂಜಿನ್ನಿಗೆ 0.3 ವೋಲ್ಟ್ ದಾಟಬಾರದು, ಅಲ್ಯೂಮಿನಿಯಂ ಇದ್ದರೆ 0.1. ಏನೂ ಹಾಕದೆಯೇ ಹೆಚ್ಚು ತೋರಿಸಿದರೆ ಕೂಲಂಟ್ ಹಳತಾಗಿದೆ ಅಥವಾ ಒಳಗೆ ಸವಳು ನೀರು ಸೇರಿದೆ. ಯಾವುದೋ ಒಂದನ್ನು ಹಾಕಿದಾಗ ಮಾತ್ರ ಮುಳ್ಳು ಹಾರಿದರೆ ಅದರ ಅರ್ಥ್ ಸರಿಯಿಲ್ಲ. ಸ್ಟಾರ್ಟರ್ ಹೊತ್ತಿನಲ್ಲಿ ಹಾರಿದರೆ ಇಂಜಿನ್ ಅರ್ಥ್ ಪಟ್ಟಿ. ಆ ಪಟ್ಟಿಯನ್ನು ಹೊಸದು ಮಾಡಿ, ಅದು ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಬರಿ ಲೋಹಕ್ಕೆ ಬಿಗಿಯಿರಿ.

ಪ್ರಶ್ನೆ: ನನ್ನದು 1990ರ ದಶಕದ ಜಪಾನಿ ಎರಡು ಬಾಗಿಲಿನ ಕಾರು. ಕೋರ್ ಡ್ಯಾಶ್‌ಬೋರ್ಡ್ ಹಿಂದಿದೆ. ಡ್ಯಾಶ್ ಬಿಚ್ಚದೆ ಪೆಟ್ಟಿಗೆಗೆ ಕಿಟಕಿ ಕೊರೆದು ಕೋರ್ ತೆಗೆಯಬಹುದು ಎಂದು ಒಬ್ಬರು ಹೇಳುತ್ತಾರೆ.
— ಓದುಗರು, ಗಂಗಾವತಿ

ಉತ್ತರ: ಬೇಡ. ಕೊರೆದ ಪ್ಲಾಸ್ಟಿಕ್ ಚೂರು ಫ್ಯಾನಿಗೆ ಬೀಳುತ್ತದೆ, ಕತ್ತರಿಸಿದ ಮುಚ್ಚಳ ಎಷ್ಟು ಅಂಟಿಸಿದರೂ ಗಾಳಿ ಸೋರುತ್ತದೆ, ಕೈ ತಪ್ಪಿ ಎಸಿಯ ಕಾಯಿಲ್‌ಗೆ ಬ್ಲೇಡ್ ತಗಲಿದರೆ ಖರ್ಚು ಹತ್ತು ಪಟ್ಟು. ಡ್ಯಾಶ್ ಬಿಚ್ಚಿ, ಎರಡು ದಿನ ಇಟ್ಟುಕೊಳ್ಳಿ. ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ಬಿಡಿಸಿ ಕನಿಷ್ಠ ಹತ್ತು ನಿಮಿಷ ಕಾಯಿರಿ. ತೆಗೆದ ಏರ್‌ಬ್ಯಾಗನ್ನು ಬಟ್ಟೆಯ ಮುಖ ಮೇಲಕ್ಕೆ ಬರುವಂತೆ ಇಡಬೇಕು. ಹೀಟರ್ ಮತ್ತು ಎಸಿ ಕಾಯಿಲ್ ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದರೆ ಎಸಿ ಗ್ಯಾಸ್ ಮುಟ್ಟುವ ಅಗತ್ಯವಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಎಸಿ ಅಂಗಡಿಯಲ್ಲಿ ಯಂತ್ರದಿಂದ ಗ್ಯಾಸ್ ಹೊರತೆಗೆಸಿ, ಗಾಳಿಗೆ ಬಿಡಬೇಡಿ.

ಬಿಚ್ಚಿದ ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಹಾಕುವವರು ಕೊನೆಗೆ ಅಳುತ್ತಾರೆ. ಪ್ರತಿ ಹಂತಕ್ಕೊಂದು ಚೀಲ, ಮೇಲೊಂದು ಚೀಟಿ. ಉದ್ದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಡ್ಯಾಶ್‌ನ ಮುಖ ಒಡೆದು ಹೊರಬರುತ್ತದೆ. ಇಷ್ಟು ವರ್ಷದ ಪ್ಲಾಸ್ಟಿಕ್ ಕ್ಲಿಪ್‌ಗಳು ಬೆಳಗಿನ ತಂಪಿನಲ್ಲಿ ಪಟಪಟ ಮುರಿಯುತ್ತವೆ. ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಆಮೇಲೆ ಕೈಹಾಕಿ. ಬಿಸಿಲಿಗೆ ಗಂಗಾವತಿಯಲ್ಲಿ ಬರವಿಲ್ಲ. ಕೋರ್‌ಗೆ ಕೊಳವೆ ಸೇರುವಲ್ಲಿ ಓ ರಿಂಗ್ ಇದ್ದರೆ ಹೊಸದೇ ಹಾಕಿ, ಕೂಲಂಟಿನಲ್ಲಿ ಅದ್ದಿ ಕೂರಿಸಿ. ಡ್ಯಾಶ್ ಮರಳಿ ಕೂರಿಸುವ ಮುನ್ನ ಕೂಲಂಟ್ ತುಂಬಿ, ಇಂಜಿನ್ ಬಿಸಿ ಮಾಡಿ, ಜೋಡಣೆಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಕಾಗದದ ಮೇಲೆ ಸಣ್ಣ ಕಲೆಯೂ ಇರಬಾರದು.

ಪ್ರಶ್ನೆ: ಕೋರ್ ಬದಲಾಯಿಸಿದ ಮೇಲೆ ಡ್ಯಾಶ್ ಒಳಗೆ ನೀರು ಗಳಗಳ ಸದ್ದು ಮಾಡುತ್ತದೆ. ಏನು ಕಾರಣ?
— ಓದುಗರು, ತೋರಣಗಲ್ಲು

ಉತ್ತರ: ಒಳಗೆ ಗಾಳಿ ಉಳಿದಿದೆ. ಮೇಲೆ ಹೇಳಿದಂತೆ ಮೂತಿ ಎತ್ತರಿಸಿ ಮತ್ತೊಮ್ಮೆ ಗಾಳಿ ತೆಗೆಯಿರಿ. ಎರಡು ಸಲ ಮಾಡಿಯೂ ಸದ್ದು ಮರಳಿದರೆ, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ, ಕೋರ್ ಬಿಟ್ಟು, ಬ್ಲಾಕ್ ಮತ್ತು ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ.